ಸೊಂಟದ ಮೂಳೆ ಮುರಿದವರಲ್ಲಿ ಸ್ನಾಯು ಕಡಿಮೆ ಇರುವುದೇಕೆ?

ವಯಸ್ಸು, ಲಿಂಗ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ), ಆಹಾರ, ವಿಟಮಿನ್ ಡಿ, ಓಡಾಟ: ವೈವಾದಲ್ಲಿ, ಅಂದರೆ ವೈದ್ಯಕೀಯ ಮೌಖಿಕ ಪರೀಕ್ಷೆಯಲ್ಲಿ, ಈ ಪಟ್ಟಿಯನ್ನು ಎಲ್ಲರೂ ಒಂದೇ ಉಸಿರಿಗೆ ಒಪ್ಪಿಸುತ್ತೇವೆ. ಪಟ್ಟಿ ಸರಿಯೇ. ಆದರೆ ಬೀಳುವ ಮೊದಲೇ ಇದ್ದದ್ದು ಯಾವುದು, ಬಿದ್ದ ಮೇಲೆ ಸೇರಿಕೊಂಡದ್ದು ಯಾವುದು ಎಂದು ಬಿಡಿಸಿ ಹೇಳದಿದ್ದರೆ ಉತ್ತರ ಅರ್ಧವೇ.

ಮಡಿಕೇರಿ ಕಡೆಯ 78ರ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಕಕ್ಕಡ ಮಾಸದ ಮಳೆಗೆ ತೋಟದ ಏರು ಹತ್ತುವುದು ನಿಂತಿದೆ, ಬಿಸಿಲಂತೂ ಇಲ್ಲ. ಮನೆಯಲ್ಲಿ ಪಂದಿ ಕರಿ ಬೆಂದರೂ ಹಲ್ಲಿಲ್ಲದ ಅವರಿಗೆ ಗಂಜಿಯೇ ಊಟ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರುವ ಹೊತ್ತಿಗೆ ತೊಡೆಯ ಸ್ನಾಯು ಆಗಲೇ ಕರಗಿದೆ. ಜಾರಿದ ಕಾಲನ್ನು ಎಳೆದು ನಿಲ್ಲಿಸಿಕೊಳ್ಳುವ ಶಕ್ತಿ ಉಳಿದಿಲ್ಲ.

ಎರಡನೆಯ ಪೆಟ್ಟು ಹಾಸಿಗೆಯದು. ಆರೋಗ್ಯವಂತ ಹಿರಿಯರನ್ನು 10 ದಿನ ಮಲಗಿಸಿಟ್ಟು ನಡೆಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದಲೇ ಸರಾಸರಿ ಸುಮಾರು 1 ಕಿಲೋ ಕೊಬ್ಬುರಹಿತ ತೂಕ ಇಳಿದಿತ್ತು. ನಮ್ಮ ಅಜ್ಜಿಗೆ ಇದರ ಜೊತೆಗೆ ನೋವು, ಉರಿಯೂತ, ಆಪರೇಷನ್‌ಗೆ ಮುಂಚಿನ ಉಪವಾಸವೂ ಸೇರುತ್ತವೆ. ಶಸ್ತ್ರಚಿಕಿತ್ಸೆ ತಡವಾದಷ್ಟೂ ಎದ್ದು ನಿಲ್ಲುವುದೂ ತಡ.

ರಕ್ತದಲ್ಲಿರುವ ಪ್ರೋಟೀನ್ ಆದ ಆಲ್ಬುಮಿನ್ ವಿಷಯದಲ್ಲಿ ಎಚ್ಚರ. ಅದು ಕಡಿಮೆ ಬಂದರೆ ಅಪೌಷ್ಟಿಕತೆ ಎಂದು ಬರೆದು ಮುಂದೆ ಹೋಗುತ್ತೇವೆ. ಗಾಯದ ಉರಿಯೂತದಿಂದಲೂ ಅದು ಕುಸಿಯುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಊಟದ ಬಗ್ಗೆ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಬಿಎಂಐ ಕೂಡ ಹಾಗೆಯೇ. ತೂಕ ಹೆಚ್ಚಿದ್ದವರಲ್ಲಿ ಸಾಮಾನ್ಯವಾಗಿ ಸ್ನಾಯುವೂ ಹೆಚ್ಚು, ಆದರೆ ಕೊಬ್ಬಿನ ಹಿಂದೆ ಬಡಕಲು ಸ್ನಾಯು ಅಡಗಿರುವವರೂ ಇದ್ದಾರೆ.

ಅಳತೆಯಲ್ಲೇ ಹೆಚ್ಚು ಗೊಂದಲ. ಮೂಳೆ, ಕೊಬ್ಬು, ಸ್ನಾಯುಗಳನ್ನು ಎಕ್ಸ್-ರೇಯಿಂದ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಮುರಿದ ಕಾಲಿನ ಬಾವು ಸ್ನಾಯುವಿನ ಲೆಕ್ಕಕ್ಕೇ ಹೋಗುತ್ತದೆ, ಒಳಗೆ ಕೂರಿಸಿದ ಲೋಹವೂ ಅಂಕಿಯನ್ನು ಕೆಡಿಸುತ್ತದೆ. ಮಲಗಿದ್ದಲ್ಲೇ ಸುಲಭವಾಗಿ ಆಗುವುದು ಮುಷ್ಟಿ ಹಿಡಿತದ ಬಲದ ಅಳತೆ. ಏಷ್ಯಾದವರಿಗಾಗಿ 2019ರಲ್ಲಿ ಒಪ್ಪಿದ ಮಾನದಂಡದಂತೆ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ ಇದ್ದರೆ ಬಲ ಕುಂದಿದೆ ಎಂದರ್ಥ. ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಾರ್ಕೊಪೀನಿಯಾ (ವಯಸ್ಸಿನೊಂದಿಗೆ ಸ್ನಾಯುವೂ ಅದರ ಬಲವೂ ಕುಂದುವುದು) ಶಂಕಿಸಬೇಕು. ಟೇಪು ಹಾಕುವುದು ಗಾಯವಿಲ್ಲದ ಕಾಲಿಗೆ.

ಒಂದೇ ಸಲ ಅಳೆದ ಅಂಕಿಯಿಂದ ಸಂಬಂಧ ತಿಳಿಯುತ್ತದೆ, ಕಾರಣವಲ್ಲ. ಅದಕ್ಕೇ ಮನೆಯವರನ್ನು ಕೇಳಿ: ಬೀಳುವ ಮೊದಲು ಅಜ್ಜಿ ಕೋಲಿಲ್ಲದೆ ನಡೆಯುತ್ತಿದ್ದರೇ, ಕುರ್ಚಿಯಿಂದ ಕೈಯೂರದೆ ಏಳುತ್ತಿದ್ದರೇ, ಈಚೆಗೆ ಸೀರೆಯ ಕುಪ್ಪಸ ಸಡಿಲವಾಗಿತ್ತೇ? ಕೇಸ್ ಶೀಟಿನಲ್ಲಿ ಪ್ರತಿ ಅಳತೆಯ ಪಕ್ಕ, ಮುರಿತವಾಗಿ ಎಷ್ಟನೆಯ ದಿನ ಎಂಬುದನ್ನೂ ಬರೆಯಿರಿ.