ಗುಡ್ಡದ ಕಲ್ಲು ಅದಿರಾಗುವುದು ಯಾವಾಗ?

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಓಡಾಡಿದವರು ಪಟ್ಟೆ ಪಟ್ಟೆ ಕಲ್ಲನ್ನು ನೋಡಿಯೇ ಇರುತ್ತಾರೆ. ಒಂದು ಪಟ್ಟೆ ಕಬ್ಬಿಣದಂತೆ ಕಪ್ಪು, ಪಕ್ಕದ್ದು ಬಿಳಿ ಇಲ್ಲವೇ ಕೆಂಪು. ಗಣಿಯವರ ಬಾಯಲ್ಲಿ ಇದು ಬಿಎಚ್‌ಕ್ಯು. ಪೂರ್ತಿ ಹೆಸರು ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲಿದು. ಕಪ್ಪು ಪಟ್ಟೆಯಲ್ಲಿರುವುದು ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಬಿಳಿ ಇಲ್ಲವೇ ಕೆಂಪು ಪಟ್ಟೆ ಸಿಲಿಕಾ, ಮರಳಿನಲ್ಲಿ ಇರುವಂಥದ್ದೇ.

ಆ ಕಪ್ಪು ಭಾಗವನ್ನು ಟೈಲ್ಸಿನ ಹಿಂಬದಿಗೆ, ನುಣುಪಿಲ್ಲದ ಕಡೆ, ಒತ್ತಿ ಗೀಚಿ ನೋಡಿ. ಕಲ್ಲು ಕಪ್ಪಗಿದ್ದರೂ ಗೀರು ಕೆಂಪಗೆ ಮೂಡುತ್ತದೆ! ಇದಕ್ಕೆ ಸ್ಟ್ರೀಕ್ ಎನ್ನುತ್ತಾರೆ. ಕಬ್ಬಿಣದ ಇನ್ನೊಂದು ಖನಿಜ ಮ್ಯಾಗ್ನೆಟೈಟ್ ಆಗಿದ್ದರೆ ಗೀರೂ ಕಪ್ಪೇ. ಹೆಮಟೈಟ್ ನುಣ್ಣಗೆ ಪುಡಿಯಾದರೆ ಕೆಂಪು. ನಮ್ಮ ರಸ್ತೆ ಬದಿಯ ಗಿಡಗಳ ಎಲೆ ಮೇಲೆ ಕೂರುವ ಧೂಳಿನ ಬಣ್ಣವೂ ಇದೇ.

ಕಬ್ಬಿಣ ಇದೆ ಅಂದಮೇಲೆ ಇದು ಅದಿರು ಅಲ್ವಾ? ಅಷ್ಟು ಸುಲಭ ಅಲ್ಲ. ಶುದ್ಧ ಹೆಮಟೈಟ್‌ನಲ್ಲಿ ಶೇ 70ರಷ್ಟು ಕಬ್ಬಿಣ ಇರುತ್ತದೆ. ಕಲ್ಲಿನಲ್ಲಿ ನಿಜವಾಗಿ ಎಷ್ಟಿದೆ ಎನ್ನುವುದೇ ಗ್ರೇಡ್. ಇಷ್ಟಕ್ಕಿಂತ ಕಡಿಮೆ ಇದ್ದರೆ ತೆಗೆದು ಲಾಭವಿಲ್ಲ ಎಂದು ಎಳೆಯುವ ಗೆರೆ ಕಟ್ ಆಫ್. ಗೆರೆಯ ಮೇಲಿದ್ದರೆ ಅದಿರು, ಕೆಳಗಿದ್ದರೆ ವೇಸ್ಟ್. ಈ ಗೆರೆ ಎಳೆಯುವುದು ಪ್ರಕೃತಿಯಲ್ಲ. ಹೆಮಟೈಟ್ ಅದಿರಿಗೆ ಹಿಂದೆ ಶೇ 55 ಇದ್ದ ಮಿತಿಯನ್ನು ಕೇಂದ್ರ ಸರ್ಕಾರದ ಇಂಡಿಯನ್ ಬ್ಯೂರೋ ಆಫ್ ಮೈನ್ಸ್ 2009ರಲ್ಲಿ 45ಕ್ಕೆ ಇಳಿಸಿತು. ಕಲ್ಲು ಇದ್ದ ಜಾಗದಲ್ಲೇ ಇತ್ತು, ಲೆಕ್ಕಕ್ಕೆ ಬಂತು ಅಷ್ಟೇ.

ಗ್ರೇಡ್‌ಗೆ ಇಷ್ಟೊಂದು ಬೆಲೆ ಯಾಕೆ? ಉತ್ತರ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿದೆ. ಅದಿರಿನ ಜತೆ ಬಂದ ಸಿಲಿಕಾವನ್ನು ಬೇರ್ಪಡಿಸಲು ಸುಣ್ಣದ ಕಲ್ಲು ಹಾಕಬೇಕು. ಎರಡೂ ಕರಗಿ ಸ್ಲ್ಯಾಗ್ ಎಂಬ ಕಿಟ್ಟ ಆಗಬೇಕಾದರೆ ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡಿದ ಇಂಧನ, ಜಾಸ್ತಿ ಉರಿಯಬೇಕು. ಸಿಲಿಕಾ ಹೆಚ್ಚಿದಷ್ಟೂ ಖರ್ಚು ಹೆಚ್ಚು.

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಗ್ರೇಡನ್ನು ಹೇಳುವುದು ಶೇಕಡಾದಲ್ಲಲ್ಲ, ಟನ್ನಿಗೆ ಇಷ್ಟು ಗ್ರಾಂ ಎಂದು. ಟನ್ನಿಗೆ ಮೂರು ಗ್ರಾಂ ಅಂದರೆ ಹತ್ತು ಲಕ್ಷ ಗ್ರಾಂ ಕಲ್ಲಿನಲ್ಲಿ ಮೂರೇ ಗ್ರಾಂ ಚಿನ್ನ. ಸಂಡೂರಿನಲ್ಲಿ ಶೇ 30 ಕಬ್ಬಿಣವಿದ್ದ ಕಲ್ಲು ಪಕ್ಕಕ್ಕೆ ಹೋಗುತ್ತದೆ, ಹಟ್ಟಿಯಲ್ಲಿ ಶೇ 0.0003 ಚಿನ್ನಕ್ಕಾಗಿ ಭೂಮಿಯ ಆಳಕ್ಕೆ ಇಳಿಯುತ್ತಾರೆ. ಚಿನ್ನ ತೆಗೆದ ಮೇಲೆ ಉಳಿಯುವ ನುಣ್ಣನೆ ಪುಡಿಗೆ ಟೈಲಿಂಗ್ಸ್ ಎಂದು ಹೆಸರು. ತಂದ ಕಲ್ಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದೇ ಆಗುತ್ತದೆ.

ಕಬ್ಬಿಣದ ಅದಿರಿನಲ್ಲಿ ಗಟ್ಟಿ ಉಂಡೆಗಳು ಲಂಪ್ಸ್, ಪುಡಿ ಫೈನ್ಸ್. ಬ್ಲೂ ಡಸ್ಟ್ ಅಂತಲೂ ಒಂದಿದೆ. ಮಳೆನೀರು ಸಿಲಿಕಾವನ್ನು ಕರಗಿಸಿ ಒಯ್ದು, ಬರೀ ಹೆಮಟೈಟ್ ಪುಡಿ ಉಳಿದದ್ದು. ಪುಡಿಯನ್ನು ಹಾಗೇ ಕುಲುಮೆಗೆ ಹಾಕಿದರೆ ಗಾಳಿ ಆಡುವುದಿಲ್ಲ. ಪುಡಿಯನ್ನು ಉಂಡೆ ಕಟ್ಟಿ ಸುಡುವ ಪೆಲೆಟ್ ತಂತ್ರ ಬಂದಮೇಲೆ ಅದಕ್ಕೂ ಬೆಲೆ ಬಂತು.

ನನಗೆ ತಕರಾರಿರುವುದು ಓವರ್‌ಬರ್ಡನ್ ಎಂಬ ಮಾತಿನ ಬಗ್ಗೆ. ಅದಿರಿನ ಮೇಲೆ ಇರುವುದೆಲ್ಲ ಗಣಿಯವರ ಮಾತಿನಲ್ಲಿ ಸಾಮಾನ್ಯವಾಗಿ ಈ ಒಂದೇ ಹೆಸರಿನಡಿ ಬರುತ್ತದೆ. ಸಂಡೂರಿನ ಕಾಡು ಬೇರು ಬಿಟ್ಟಿರುವ ಮಣ್ಣೂ ಅದರಲ್ಲಿ ಸೇರಿದೆ. ಒಂದು ಟನ್ ಅದಿರಿಗೆ ಎಷ್ಟು ಟನ್ ಇಂಥದ್ದನ್ನು ತೆಗೆಯಬೇಕು ಎನ್ನುವುದು ಸ್ಟ್ರಿಪ್ಪಿಂಗ್ ರೇಶಿಯೋ. ತೆಗೆದದ್ದನ್ನು ಸುರಿದ ರಾಶಿ ಡಂಪ್. ರಾಶಿ ಸರಿಯಾಗಿ ಕಟ್ಟದಿದ್ದರೆ ಮಳೆಗಾಲದಲ್ಲಿ ಕೆಸರು ಹಳ್ಳ ಹಿಡಿದು ಹೊಲಕ್ಕೆ, ಕೆರೆಗೆ ಇಳಿಯುತ್ತದೆ. 2011ರಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಮತ್ತೆ ಶುರು ಮಾಡುವ ಮುಂಚೆ ಹಾಳಾದ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆ ಕಡ್ಡಾಯ ಮಾಡಿತು. ಡಂಪಿನ ಬುಡಕ್ಕೆ ಕಟ್ಟುವ ಟೋ ವಾಲ್, ಹಳ್ಳಕ್ಕೆ ಕಟ್ಟುವ ಚೆಕ್ ಡ್ಯಾಂ ಇವೆಲ್ಲ ಅಲ್ಲಿ ಬರುತ್ತವೆ.

ಊರಲ್ಲಿ ಗಣಿಯ ಬಗ್ಗೆ ಅಹವಾಲು ಸಭೆ ಆದಾಗ ಈ ಪದಗಳಿರುವ ದಪ್ಪ ಕಡತ ಮುಂದಿಡುತ್ತಾರೆ. ಸುಮ್ನೆ ಕೂರಬೇಡಿ. ಕಟ್ ಆಫ್ ಎಷ್ಟು ಹಿಡಿದಿದ್ದೀರಿ, ಸ್ಟ್ರಿಪ್ಪಿಂಗ್ ರೇಶಿಯೋ ಎಷ್ಟು, ಡಂಪ್ ಯಾವ ಹಳ್ಳದ ಮೇಲೆ ಬರುತ್ತದೆ ಅಂತ ಕೇಳಿ. ಮೂರಕ್ಕೂ ಉತ್ತರ ಆ ಕಡತದಲ್ಲೇ ಇರಬೇಕು.