‘ಐರಿಷ್ ವಾಷರ್‌ವುಮನ್’: ಧಾಟಿ ಲಂಡನ್ನಿನದು, ಜಿಗ್ ಐರ್ಲೆಂಡಿನದು

ಜಿಗ್ ಎಂದರೆ ಚುರುಕಾದ ಕುಣಿತ ಮತ್ತು ಅದರ ಧಾಟಿ. ಐರಿಷ್ ಜಿಗ್ ಎಂದೊಡನೆ ಹೊರಗಿನವರ ಕಿವಿಗೆ ಬರುವ ಧಾಟಿ ‘ದಿ ಐರಿಷ್ ವಾಷರ್‌ವುಮನ್’. ಅದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಮಾತ್ರ ಲಂಡನ್. ಅಲ್ಲಿನ ಪ್ರಕಾಶಕ ಜಾನ್ ಪ್ಲೇಫೋರ್ಡ್ 1651ರಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಪುಸ್ತಕದಲ್ಲಿ ‘ಡಾರ್ಗಸನ್’ ಎಂಬ ಧಾಟಿಯಿದೆ. 17ನೇ ಶತಮಾನದ ಕೊನೆಯ ‘ದಿ ಕಂಟ್ರಿ ಕೋರ್ಟ್‌ಶಿಪ್’ ಇದೇ ವಂಶದ್ದು, ವಾಷರ್‌ವುಮನ್ ಅದರಿಂದ ಬಂದದ್ದು ಎಂಬುದು ಕೆಲವು ಸಂಶೋಧಕರ ವಾದ. ಈಗಿನ ಹೆಸರು ಅಚ್ಚಿನಲ್ಲಿ ಕಾಣಿಸುವುದು 18ನೇ ಶತಮಾನದ ಕೊನೆಗೆ. ಹೆಸರೂ ಅನುಮಾನ ಹುಟ್ಟಿಸುವಂಥದ್ದೇ: ತಮ್ಮೂರ ಅಗಸಗಿತ್ತಿಯನ್ನು ಯಾರಾದರೂ ‘ಐರಿಷ್’ ಎಂದು ಕರೆದಾರೆಯೇ?

ಹಾಗೆಂದು ಇದನ್ನು ಇಂಗ್ಲಿಷರ ಲೆಕ್ಕಕ್ಕೆ ಬರೆದುಬಿಡುವುದೂ ಸರಿಯಲ್ಲ. ಡಾರ್ಗಸನ್ ಬರೀ ಎಂಟು ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಅಳತೆ) ಸುತ್ತು. ಕೊನೆಯ ಬಾರ್ ಷಡ್ಜದಲ್ಲಿ ನಿಲ್ಲದೆ ಮತ್ತೆ ಮೊದಲಿಗೇ ತಳ್ಳುತ್ತದೆ. (ಇಂಗ್ಲಿಷ್ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ 1911ರಲ್ಲಿ ಬ್ಯಾಂಡಿಗಾಗಿ ಬರೆದ, ‘ಸ್ವೀಟ್’ (suite) ಎಂಬ ಹಲವು ಭಾಗಗಳ ಕೃತಿಯಲ್ಲಿ ಈ ಗುಣವನ್ನೇ ಬಳಸಿಕೊಂಡು ಅದನ್ನು ಸುತ್ತಿಸುತ್ತಲೇ ಹೋಗುತ್ತಾನೆ.) ವಾಷರ್‌ವುಮನ್ ಷಡ್ಜದಲ್ಲಿ ನಿಲ್ಲುತ್ತದೆ, ಎರಡನೇ ಭಾಗವನ್ನೂ ಪಡೆದಿದೆ.

ಐರ್ಲೆಂಡಿನ ಕುಣಿತಕ್ಕೆ ಇಂಥ ಆಕಾರವೇ ಬೇಕು. 1770ರ ದಶಕದಲ್ಲಿ ಅಲ್ಲಿ ಸುತ್ತಾಡಿದ ಇಂಗ್ಲಿಷ್ ಲೇಖಕ ಆರ್ಥರ್ ಯಂಗ್, ನೃತ್ಯದ ಮೇಷ್ಟ್ರುಗಳು ಪೈಪ್ ವಾದಕನನ್ನೋ ಕುರುಡ ಪಿಟೀಲುಗಾರನನ್ನೋ ಜೊತೆಗಿಟ್ಟುಕೊಂಡು ಗುಡಿಸಲಿಂದ ಗುಡಿಸಲಿಗೆ ಹೋಗುತ್ತಿದ್ದರೆಂದು ಬರೆದಿದ್ದಾನೆ. ಸಂಬಳ ಮೂರು ತಿಂಗಳಿಗೆ ಆರು ಪೆನ್ಸ್. ಒಂದು ಹೆಜ್ಜೆಯನ್ನು ಎಂಟು ಬಾರ್ ಬಲಗಾಲಲ್ಲಿ ಕುಣಿದು, ಅದನ್ನೇ ಇನ್ನೆಂಟು ಬಾರ್ ಎಡಗಾಲಲ್ಲಿ ಕುಣಿಯಬೇಕು. ಆದ್ದರಿಂದ ಪ್ರತಿ ಭಾಗವೂ ಎರಡು ಸಲ ಬರುತ್ತದೆ: ಒಟ್ಟು 32 ಬಾರ್.

ಬಾರ್ ಒಂದಕ್ಕೆ ಎರಡು ಗತಿಯೆಣಿಕೆ, ‘ತಕಿಟ ತಕಿಟ’. ಇದು ಡಬಲ್ ಜಿಗ್. ಮೂರು ತಕಿಟವಾದರೆ ಸ್ಲಿಪ್ ಜಿಗ್. ವಾಷರ್‌ವುಮನ್ ಸಾಮಾನ್ಯವಾಗಿ ‘ಜಿ’ (G) ಶ್ರುತಿಯಲ್ಲಿ. ಅದನ್ನೇ ಷಡ್ಜವಾಗಿ ಹಿಡಿದರೆ ಆರಂಭ ಹೀಗೆ: ಗಸಸ ಪಸಸ, ಗಸಗ ಪಮಗ (ಮೊದಲ ಪ ಮಂದ್ರ). ಮುಂದಿನೆರಡು ಬಾರ್ ಅದೇ ನಕ್ಷೆ ಒಂದು ಸ್ವರ ಮೇಲಕ್ಕೆ: ಮರಿರಿ ದರಿರಿ, ಮರಿಮ ದಪಮ. ಎರಡನೇ ಭಾಗ ಮೇಲಿನ ಷಡ್ಜದಿಂದ: ಸಪಸ ಸಪಸ.

ಕೆಡುವುದು ಎಲ್ಲಿ? ಆರೂ ಸ್ವರಗಳನ್ನು ಸಮವಾಗಿ ನುಡಿಸಿದರೆ ಹೊಲಿಗೆಯಂತ್ರದ ಸದ್ದಾಗುತ್ತದೆ. ಪ್ರತಿ ತಕಿಟದಲ್ಲೂ ಮೊದಲನೆಯದು ಕೂದಲೆಳೆಯಷ್ಟು ಉದ್ದ, ನಡುವಿನದು ಹಗುರ, ಮೂರನೆಯದು ಮುಂದಿನದಕ್ಕೆ ದೂಡಬೇಕು. ಟಿನ್ ವಿಸಲ್ ಎಂಬ ಪುಟ್ಟ ಲೋಹದ ಕೊಳಲಿನಲ್ಲಿ ‘ಸಸ’ ಅಂಟಿಕೊಂಡು ಒಂದೇ ಉದ್ದ ಸ್ವರವಾಗುತ್ತದೆ. ಎರಡನೇ ಸ ಹುಟ್ಟುವ ಕ್ಷಣಕ್ಕೆ ಮುಚ್ಚಿದ ಒಂದು ಬೆರಳನ್ನು ಚಟಕ್ಕನೆ ಎತ್ತಿ ಇಳಿಸಬೇಕು. ಇದಕ್ಕೆ ‘ಕಟ್’ ಎನ್ನುತ್ತಾರೆ. ಪಿಟೀಲಿನಲ್ಲಿ ತೊಡಕು ಎರಡನೇ ಭಾಗದ್ದು: ‘ಸ’ ಇರುವುದು E ತಂತಿಯಲ್ಲಿ, ‘ಪ’ ಇರುವುದು A ತಂತಿಯಲ್ಲಿ. ಕಮಾನು ಸ್ವರಕ್ಕೊಮ್ಮೆ ವಾಲಬೇಕಾಗುತ್ತದೆ. ಇಡೀ ತೋಳನ್ನು ಎತ್ತಿಳಿಸುವವರು ನಾಲ್ಕನೇ ಬಾರ್‌ಗೇ ಹಿಂದೆ ಬೀಳುತ್ತಾರೆ. ಮಣಿಕಟ್ಟಷ್ಟೇ ಆಡಿದರೆ ಸಾಕು.

ವೇಗವನ್ನು ಪಾದರಕ್ಷೆ ತೀರ್ಮಾನಿಸುತ್ತದೆ. ಮೆತ್ತನೆ ಶೂಗಳ ಲೈಟ್ ಜಿಗ್‌ಗೆ ನಿಮಿಷಕ್ಕೆ ಸುಮಾರು 115 ತಕಿಟ, ಅಂದರೆ 32 ಬಾರ್ ಮುಗಿಯಲು 33 ಸೆಕೆಂಡು. ಗಟ್ಟಿ ಶೂಗಳ ಟ್ರೆಬಲ್ ಜಿಗ್‌ಗೆ ಸ್ಪರ್ಧೆಗಳಲ್ಲಿ 73ಕ್ಕೂ ಇಳಿಸುತ್ತಾರೆ, ಏಕೆಂದರೆ ಪ್ರತಿ ತಕಿಟದೊಳಗೆ ಕಾಲಿನ ಹಲವು ಬಡಿತಗಳು ಬಿಡಿಬಿಡಿಯಾಗಿ ಕೇಳಬೇಕು.