ಸುನ್ನತಿ, ರಕ್ತ ಮತ್ತು ನಾಲ್ಕು ಜನ ಅಕ್ಕತಂಗಿಯರು

ಸುನ್ನತಿ ಅಂದ ತಕ್ಷಣ ಮಾತು ಎರಡೇ ಕಡೆ ಹೋಗುತ್ತೆ, ಒಂದು ಧರ್ಮದ ಜಗಳಕ್ಕೆ, ಇನ್ನೊಂದು "ಹಳೇ ಕಾಲದವರಿಗೆ ಸೈನ್ಸ್ ಎಲ್ಲಾ ಮೊದಲೇ ಗೊತ್ತಿತ್ತು" ಅನ್ನೋ ಫಾರ್ವರ್ಡ್ ಮೆಸೇಜಿಗೆ. ನನ್ನ ತಲೇಲಿ ವರ್ಷಗಳಿಂದ ಕೂತಿರೋ ಕಥೆನೇ ಬೇರೆ.

ಎರಡನೇ ಶತಮಾನ, ಇವತ್ತಿನ ಇಸ್ರೇಲಿನ ಉತ್ತರಕ್ಕಿರೋ ಗಲಿಲಾಯದ ಸಿಪ್ಪೋರಿ ಅನ್ನೋ ಊರು. ಅಲ್ಲಿ ನಾಲ್ಕು ಜನ ಅಕ್ಕತಂಗಿಯರು. ಯೆಹೂದಿ ಪದ್ಧತಿ ಪ್ರಕಾರ ಗಂಡುಮಗುವಿಗೆ ಎಂಟನೇ ದಿನ ಸುನ್ನತಿ ಆಗಬೇಕು. ಮೊದಲನೆಯವಳು ಮಾಡಿಸಿದಳು, ಮಗು ಹೋಯ್ತು. ಎರಡನೆಯವಳು ಮಾಡಿಸಿದಳು, ಅದೂ ಹೋಯ್ತು. ಮೂರನೆಯವಳದ್ದೂ ಅದೇ ಗತಿ. ನಾಲ್ಕನೆಯವಳು ಯೆಹೂದಿ ಧರ್ಮಗುರು ರಬ್ಬಿ ಶಿಮೋನ್ ಬೆನ್ ಗಮ್ಲಿಯೇಲ್ ಹತ್ರ ಹೋದಳು, ಅವರು ಮಾಡಿಸಬೇಡ ಅಂದುಬಿಟ್ರು. ಯೆಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಇದು ನಾಲ್ಕೇ ನಾಲ್ಕು ಮಾತಲ್ಲಿ ಬಂದು ಹೋಗುತ್ತೆ.

ಸ್ವಲ್ಪ ನಿಧಾನಕ್ಕೆ ಯೋಚನೆ ಮಾಡಿ. ಮೂರೂ ಮಕ್ಕಳ ಅಮ್ಮಂದಿರು ಬೇರೆ, ಅಪ್ಪಂದಿರು ಬೇರೆ, ಅವರನ್ನ ಸೇರಿಸೋ ದಾರ ಇದ್ದಿದ್ದು ಅಮ್ಮಂದಿರ ರಕ್ತದಲ್ಲಿ, ರಬ್ಬಿ ಹಿಡಿದದ್ದು ಅದೇ ದಾರವನ್ನ! ತಾಲ್ಮುದ್‌ನ ಅದೇ ಭಾಗದಲ್ಲಿ ಕೆಲವು ಮನೆತನಗಳಲ್ಲಿ ರಕ್ತ ಸಡಿಲ, ಕೆಲವರಲ್ಲಿ ಗಟ್ಟಿ ಅನ್ನೋ ಮಾತೂ ಇದೆ. ಕಾಯಿಲೆಗೆ ಅಲ್ಲಿ ಹೆಸರಿಲ್ಲ, ಆದರೆ ಇವತ್ತಿನ ಡಾಕ್ಟರು ಓದಿದರೆ ಥಟ್ ಅಂತ ಹೊಳೆಯೋದು ಹಿಮೋಫಿಲಿಯಾ, ನಮ್ಮ ಮಾತಲ್ಲಿ ಕುಸುಮರೋಗ, ಅಂದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಇದು ಹೆಂಗಸರ ಮೂಲಕ ದಾಟಿ ಗಂಡಸರಲ್ಲಿ ಕಾಣಿಸಿಕೊಳ್ಳುತ್ತೆ ಅಂತ ಫಿಲಡೆಲ್ಫಿಯಾದ ಡಾಕ್ಟರ್ ಜಾನ್ ಕಾನ್ರಾಡ್ ಆಟೋ ಬರೆದದ್ದು 1803ರಲ್ಲಿ. ಮಧ್ಯೆ 1600 ವರ್ಷಕ್ಕೂ ಜಾಸ್ತಿ ಅಂತರ.

ಸುನ್ನತಿನೇ ಯಾಕೆ ಇದನ್ನ ಬಯಲಿಗೆ ತಂತು? ಹಿಮೋಫಿಲಿಯಾದಲ್ಲಿ ಹೆಚ್ಚು ಕಾಣೋ 'ಎ' ಬಗೆ ಸುಮಾರು 5000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ, ಬಿದ್ದು ಏಟಾಗಿ ಸತ್ತರೆ ಜನ ಹಣೆಬರಹ ಅಂತಾರೆ. ಆದರೆ ಊರಿನ ಪ್ರತಿ ಗಂಡುಮಗುವಿಗೂ ಒಂದೇ ವಯಸ್ಸಿಗೆ, ಒಂದೇ ಜಾಗದಲ್ಲಿ, ಒಂದೇ ಥರದ ಗಾಯ, ಅದೂ ನೆಂಟರೆಲ್ಲ ನೋಡ್ತಾ ಇರುವಾಗ. ಯಾರೂ ಪ್ರಯೋಗ ಅಂದ್ಕೊಂಡು ಮಾಡದಿದ್ದರೂ ಇದು ದೊಡ್ಡ ಪ್ರಯೋಗವೇ ಆಗಿಹೋಯ್ತು.

ಗಾಯದೊಳಗೆ ಏನಾಗುತ್ತೆ ನೋಡೋಣ. ಮುಂದೊಗಲು ಕತ್ತರಿಸಿದ ಕೂಡಲೇ ರಕ್ತನಾಳ ಮುದುಡಿಕೊಳ್ಳುತ್ತೆ, ರಕ್ತದಲ್ಲಿರೋ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಓಡಿಬಂದು ತೂತಿಗೆ ಅಂಟಿಕೊಂಡು ಗುಡ್ಡೆ ಹಾಕುತ್ವೆ. ಇದು ಬರೀ ಇಟ್ಟಿಗೆ ಪೇರಿಸಿದ ಹಾಗೆ, ಸಿಮೆಂಟ್ ಇನ್ನೂ ಬಿದ್ದಿಲ್ಲ. ಸಿಮೆಂಟ್ ಅಂದ್ರೆ ಫೈಬ್ರಿನ್ ಅನ್ನೋ ನಾರು, ಅದು ಬಲೆ ಹೆಣೆದ ಹಾಗೆ ಗುಡ್ಡೆಯನ್ನ ಬಿಗಿಯುತ್ತೆ. ಆ ನಾರು ತಯಾರಾಗಬೇಕಾದ್ರೆ ಸಾಲಾಗಿ ನಿಲ್ಲಿಸಿದ ಸೈಕಲ್‌ಗಳಲ್ಲಿ ಒಂದನ್ನ ತಳ್ಳಿದ್ರೆ ಎಲ್ಲಾ ಬೀಳೋ ಹಾಗೆ ಒಂದು ಪ್ರೋಟೀನ್ ಇನ್ನೊಂದನ್ನ ಎಬ್ಬಿಸ್ತಾ ಹೋಗಬೇಕು, ಮಧ್ಯದಲ್ಲಿರೋ ಎಂಟನೇ ಅಥವಾ ಒಂಬತ್ತನೇ ಫ್ಯಾಕ್ಟರ್ ಎಂಬ ಸೈಕಲ್ ಇಲ್ಲದಿದ್ರೆ ಹಿಮೋಫಿಲಿಯಾ. ಇಲ್ಲಿ ಮೋಸ ಆಗೋದು ಹೇಗೆ ಅಂದ್ರೆ, ಇಂಥ ಮಗುವಿಗೂ ಮೊದಲಿಗೆ ರಕ್ತ ನಿಂತ ಹಾಗೇ ಕಾಣಬಹುದು, ಯಾಕಂದ್ರೆ ಇಟ್ಟಿಗೆ ಕೆಲಸ ಸರಿಯಾಗೇ ಆಗಿರುತ್ತೆ. ಎಲ್ಲರೂ ಊಟ ಮಾಡಿ ಹೋದಮೇಲೆ, ಗಂಟೆಗಟ್ಟಲೆ ಆದಮೇಲೆ ಸಣ್ಣಗೆ ಜಿನುಗೋಕೆ ಶುರುವಾಗುತ್ತೆ, ನಿಲ್ಲೋದೇ ಇಲ್ಲ.

ಈ ಫ್ಯಾಕ್ಟರ್‌ಗಳ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್ ಮೇಲೆ. ಹೆಣ್ಣಿಗೆ ಎರಡು ಎಕ್ಸ್, ಒಂದು ಬೀಗದಕೈ ಮುರಿದ್ರೂ ಇನ್ನೊಂದರಿಂದ ಬಾಗಿಲು ತೆಗೀಬಹುದು. ಗಂಡಿಗೆ ಇರೋದು ಒಂದೇ, ಅದೂ ಅಮ್ಮ ಕೊಟ್ಟಿದ್ದು. ಹನ್ನೆರಡನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ವೈದ್ಯ ಮೈಮೊನಿಡಿಸ್ ಇದನ್ನ ಇನ್ನೂ ಬಿಡಿಸಿ ಹೇಳಿದ: ಸತ್ತ ಇಬ್ಬರು ಮಕ್ಕಳ ಅಪ್ಪಂದಿರು ಬೇರೆಯಾದರೂ ಸರಿ, ಮೂರನೆಯವನಿಗೆ ಆಗಲೇ ಮಾಡಿಸಬೇಡಿ, ಬೆಳೆದು ಗಟ್ಟಿಯಾಗಲಿ, ಸುನ್ನತಿ ಆಮೇಲೂ ಮಾಡಿಸಬಹುದು, ಹೋದ ಜೀವ ತರೋಕಾಗಲ್ಲ. ಅದಕ್ಕೂ ಮೊದಲೇ ಸ್ಪೇನಿನ ಕಾರ್ಡೋಬಾದ ವೈದ್ಯ ಅಲ್ ಜಹ್ರಾವಿ, ಗಂಡಸರು ರಕ್ತ ನಿಲ್ಲದೆ ಸಾಯೋ ಒಂದು ಹಳ್ಳಿ ಬಗ್ಗೆ ಬರೆದಿದ್ದ, ಸುನ್ನತಿಗೆ ಕತ್ತರಿ ಬಳಸೋ ವಿಧಾನ ವಿವರಿಸಿದವನೂ ಅವನೇ.

ಈಗ ಆ ಫಾರ್ವರ್ಡ್ ವಿಷಯ. ಎಂಟನೇ ದಿನ ರಕ್ತ ಹೆಪ್ಪುಗಟ್ಟೋ ಶಕ್ತಿ ಇಡೀ ಜೀವಮಾನದಲ್ಲೇ ಜಾಸ್ತಿ ಇರುತ್ತೆ, ಅದಕ್ಕೇ ಎಂಟನೇ ದಿನ ಇಟ್ಟಿದ್ದು ಅಂತ. ಇದು ತಪ್ಪು. ಹುಟ್ಟಿದ ಮಗುವಿನಲ್ಲಿ ವಿಟಮಿನ್ ಕೆ ಕಮ್ಮಿ, ತಾಯಿಹಾಲಿನಲ್ಲೂ ಕಮ್ಮಿ, ಅದಕ್ಕೆ ಮೊದಲ ವಾರ ರಕ್ತಸ್ರಾವದ ಅಪಾಯ ಇರುತ್ತೆ ಅನ್ನೋದು ನಿಜ. ಆಮೇಲೆ ಫ್ಯಾಕ್ಟರ್‌ಗಳು ನಿಧಾನಕ್ಕೆ ಏರುತ್ವೆ, ದೊಡ್ಡವರ ಮಟ್ಟಕ್ಕೆ ಬರೋಕೆ ತಿಂಗಳುಗಳೇ ಬೇಕು, ಎಂಟನೇ ದಿನ ಯಾವ ಶಿಖರವೂ ಇಲ್ಲ. ಹುಟ್ಟಿದ ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ ಕೊಡೋದು ಈ ಕಾರಣಕ್ಕೇ, ಹೆಣ್ಣುಮಗುವಿಗೂ ಕೊಡ್ತಾರೆ. ಅದಲ್ಲದೆ ಮುಸ್ಲಿಮರಲ್ಲಿ ಸುನ್ನತಿಗೆ ಒಂದೇ ವಯಸ್ಸು ಅಂತಿಲ್ಲ, ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಅದು ಹುಡುಗ ಗಂಡಸಾಗೋ ಸಂಸ್ಕಾರ, ನೆಲ್ಸನ್ ಮಂಡೇಲಾಗೆ ಆಗ 16 ವರ್ಷ. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಹೋರ್ ಸಮಾಧಿಯ ಗೋಡೆ ಮೇಲೆ, ಇವತ್ತಿಗೆ 4000 ವರ್ಷಕ್ಕೂ ಹಿಂದೆ ಕೆತ್ತಿದ ಚಿತ್ರದಲ್ಲಂತೂ ನಿಂತಿರೋ ಹುಡುಗ, ಎದುರು ಕೂತು ಕೊಯ್ಯೋನು, ಹಿಂದಿನಿಂದ ಕೈ ಹಿಡಿದುಕೊಂಡ ಸಹಾಯಕ. ಗಟ್ಟಿಯಾಗಿ ಹಿಡ್ಕೋ, ಮೂರ್ಛೆ ಹೋಗದ ಹಾಗೆ ನೋಡ್ಕೋ ಅನ್ನೋ ಮಾತು ಪಕ್ಕದಲ್ಲೇ ಕೆತ್ತಿದೆ. ಎಳೆಕೂಸಿಗೆ ಹೇಳೋ ಮಾತಾ ಅದು?

ಲಾಭ ಏನೂ ಇಲ್ವಾ ಅಂದ್ರೆ ಇದೆ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾದಲ್ಲಿ ನಡೆದ ಮೂರು ಟ್ರಯಲ್‌ಗಳಲ್ಲಿ ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲೋದು ಸುಮಾರು 60% ಕಮ್ಮಿಯಾಯ್ತು, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಹೆಚ್ಚಿರೋ ಕಡೆ ಇದನ್ನ ಶಿಫಾರಸು ಮಾಡ್ತು. ಕಾಂಡೋಮ್ ಬೇಡ ಅಂತ ಇದರರ್ಥ ಅಲ್ಲ.

ಇವತ್ತು ಹಿಮೋಫಿಲಿಯಾ ಇರೋ ಹುಡುಗನಿಗೂ ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟು ಆಸ್ಪತ್ರೇಲಿ ಸುನ್ನತಿ ಮಾಡಬಹುದು, ಮೊದಲೇ ಗೊತ್ತಿರಬೇಕು ಅಷ್ಟೇ. ಹಾಗಾಗಿ ಮಾಡಿಸೋ ಮುಂಚೆ ತಾಯಿಯ ಅಣ್ಣತಮ್ಮಂದಿರು, ಅಕ್ಕತಂಗಿಯರ ಗಂಡುಮಕ್ಕಳು, ಇವರಲ್ಲಿ ಯಾರಿಗಾದ್ರೂ ರಕ್ತ ನಿಲ್ಲದೆ ಕಷ್ಟ ಆಗಿತ್ತಾ ಅಂತ ಕೇಳಿ. ಇಲ್ಲ ಅಂದ್ರೂ ಪೂರ್ತಿ ನಂಬಬೇಡಿ, ಸುಮಾರು ಮೂರರಲ್ಲಿ ಒಂದು ಕೇಸ್ ಮನೆತನದಲ್ಲಿ ಹೊಸದಾಗೇ ಶುರುವಾಗಿರುತ್ತೆ. ರಾತ್ರಿ ಬಟ್ಟೆ ಬದಲಾಯಿಸಿದಷ್ಟೂ ಕೆಂಪಾಗ್ತಾ ಇದ್ರೆ ಅರಿಶಿನ ಮೆತ್ತಿ ಬೆಳಗಾಗ್ಲಿ ಅಂತ ಕಾಯಬೇಡಿ, ಆಗಲೇ ಮಗುವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಹೆಪ್ಪುಗಟ್ಟೋ ಟೆಸ್ಟ್ ಮಾಡಿಸಿ.